ಜಾಲಿ ಬೆಂಚಿನ ತೊಗಟೆ

ಮರದ ಮೇಲೆ ತೊಗಟೆ ಬಿಡಬೇಕೋ ತೆಗೆಯಬೇಕೋ ಎನ್ನುವ ಒಂದೇ ವಿಷಯದ ಮೇಲೆ ನಾನು ನನ್ನ ಸೋದರಮಾವನ ಜೊತೆ ಬೇಸಿಗೆಯಿಂದ ದೀಪಾವಳಿಯವರೆಗೆ ವಾದ ಮಾಡಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮರಣದಂಡನೆಯಿಂದ ಹಿಡಿದು ಮೊಬೈಲಿನ ಹಾವಳಿಯವರೆಗೆ ಎಲ್ಲದರ ಪರವಾಗಿ ಮಾತಾಡಿದವಳು ನಾನು. ಚೀಟಿಯಲ್ಲಿ ಹಾಗೆ ಬಂದರೆ ವಿರುದ್ಧವಾಗಿಯೂ ಮಾತಾಡಿದವಳು. ಅಲ್ಲಿ ಒಂದು ಅನುಕೂಲವಿತ್ತು. ಗಂಟೆ ಬಾರಿಸಿದ ಕೂಡಲೇ ಎದುರಾಳಿ ಬಾಯಿ ಮುಚ್ಚಬೇಕು. ಮಾವನ ಶೆಡ್ಡಿನಲ್ಲಿ ಗಂಟೆ ಇರಲಿಲ್ಲ. ಅವನ ಕೈಯಲ್ಲಿ ಕೊಡತಿ ಇತ್ತು. ನನ್ನ ಮಾತು ಹಿಡಿಸದಿದ್ದಾಗ ಉಳಿಯ ತಲೆಗೆ ಜೋರಾಗಿ ಬಡಿಯುತ್ತಿದ್ದ. ಆ ಸದ್ದು ನಿಲ್ಲುವಷ್ಟರಲ್ಲಿ ನಾನು ಹೇಳಬೇಕೆಂದಿದ್ದ ಮುಂದಿನ ಅಂಶ ನನಗೇ ಮರೆತುಹೋಗಿರುತ್ತಿತ್ತು.

ನಮ್ಮದು ಆಚಾರ್ರ ಮನೆತನ. ಅಪ್ಪ ಶ್ರೀರಂಗಪಟ್ಟಣದಲ್ಲಿ ಚಿನ್ನದ ಕೆಲಸಕ್ಕೆ ಕೂತರೆ, ಅಮ್ಮನ ತಮ್ಮ ಪಾಂಡವಪುರದಲ್ಲಿ ಮರದ ಕೆಲಸ ಹಿಡಿದ. ತಾತ ನೇಗಿಲು, ಗಾಡಿ ಮಾಡುತ್ತಿದ್ದರು. ಮಾವ ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದ. ಈಗ ಹೊಸ ಮನೆ ಕಟ್ಟುವವರು ಬಾಗಿಲನ್ನು ಮಾಡಿಸುವುದಿಲ್ಲ, ತರುತ್ತಾರೆ. ಮೈಸೂರಿನಲ್ಲಿ ರೆಡಿಮೇಡ್ ಬಾಗಿಲುಗಳ ಅಂಗಡಿ ಇಟ್ಟಿದ್ದ ದೂರದ ನೆಂಟನೊಬ್ಬ ಮಾವನನ್ನು ಕೆಲಸಕ್ಕೆ ಕರೆದಿದ್ದ. ಅಂಗಡಿಯ ಬಾಗಿಲು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಿ ಕೀಲು ಕೂರಿಸಿ, ಸ್ಕ್ರೂ ತಿರುಗಿಸಿ ಬರುವುದು. ದೀಪಾವಳಿ ಕಳೆದ ಮೇಲೆ ಬರುತ್ತೇನೆ ಎಂದು ಮಾವ ಹೇಳಿಯೂ ಆಗಿತ್ತು. ಹೇಳಿದ ದಿನದಿಂದ ಶೆಡ್ಡಿನ ಹತ್ತರಿ, ಬಾಚಿ, ಉಳಿಗಳಿಗೆ ದಿನಾ ಎಣ್ಣೆ ಒರೆಸತೊಡಗಿದ. ಕೆಲಸ ಇದ್ದಾಗ ಅವನು ಹಾಗೆ ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

ಆ ಹೊತ್ತಿಗೆ ಒಂದು ಆರ್ಡರನ್ನು ತಂದವಳು ನಾನೇ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಯಾವುದೋ ರಾಜ್ಯೋತ್ಸವದ ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಬಂದು ನನಗೆ ಎರಡನೆಯ ಬಹುಮಾನ ಕೊಟ್ಟವರು. ಆ ತೀರ್ಪನ್ನು ನಾನು ಇವತ್ತಿಗೂ ಒಪ್ಪಿಲ್ಲ, ಅವರು ಸಿಕ್ಕಾಗಲೆಲ್ಲ ಹೇಳುತ್ತಲೂ ಇರುತ್ತೇನೆ. ಹೀಗೆ ಹೇಳಿ ಹೇಳಿಯೇ ಪರಿಚಯ ಬೆಳೆದದ್ದು. ಅವರು ಹಿನ್ನೀರಿನ ಪಕ್ಕದ ತಮ್ಮ ಜಮೀನಿನಲ್ಲಿ ನಾಲ್ಕು ಕೋಣೆ ಕಟ್ಟಿ, ಬಂದವರು ತಂಗಲು ಹೋಂಸ್ಟೇ ಮಾಡಿದ್ದರು. ಪ್ಲಾಸ್ಟಿಕ್ ಕುರ್ಚಿ ಬೇಡ, ಇಡೀ ದಿಮ್ಮಿಯ ಬೆಂಚು, ಮೇಜು, ಮಂಚ ಬೇಕು ಎಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದರು. ಗಂಟು, ಡೊಂಕು, ತೊಗಟೆ ಎಲ್ಲ ಇದ್ದ ಹಾಗೇ ಇರಬೇಕಂತೆ. ಮೊದಲು ಒಂದು ಬೆಂಚು. ಅದು ಹಿಡಿಸಿದರೆ ಇಡೀ ಮನೆಯದು.

ಚಿತ್ರ ನೋಡಿ ಮಾವ ಫೋನನ್ನು ನನಗೆ ವಾಪಸ್ಸು ಕೊಟ್ಟ.

"ಇದ್ನ ಮಾಡಕ್ಕೆ ಆಚಾರಿ ಯಾಕವ್ವ? ಸೌದೆ ಒಡೆಯೋನ್ನ ಕರ್ಸು."

"ಜನ ಇದನ್ನೇ ಕೇಳ್ತಾವ್ರೆ ಮಾವ."

"ಜನ ಅರ್ದೋಗಿರೋ ಪ್ಯಾಂಟೂ ಕೇಳ್ತಾವ್ರೆ. ಅಂತ ದರ್ಜಿ ಕತ್ತರಿ ತಕಂಡು ಅರೀತಾನಾ?"

ಹರಿಯುತ್ತಾನೆ, ಅದಕ್ಕೆಂದೇ ಕಾರ್ಖಾನೆಗಳಿವೆ ಎಂದು ನಾನು ಹೇಳಿದೆ. ಮಾವ ನಂಬಲಿಲ್ಲ.

ಅವನ ತಕರಾರಿನಲ್ಲಿ ಎರಡು ಭಾಗ ಇತ್ತು, ಡೊಂಕು ಮತ್ತು ತೊಗಟೆ. ಎರಡನ್ನೂ ಒಟ್ಟಿಗೆ ಎಳೆದರೆ ಬರುವುದಿಲ್ಲ ಎಂದು ಡೊಂಕನ್ನು ಮೊದಲು ಹಿಡಿದುಕೊಂಡೆ. ತಾತ ನೇಗಿಲಿಗೆ ಬಾಗಿದ ಕೊಂಬೆಯನ್ನೇ ಹುಡುಕಿಕೊಂಡು ಕೆ.ಆರ್. ಪೇಟೆ ಕಡೆಯ ಬದುಗಳ ಮೇಲೆಲ್ಲ ಅಲೆಯುತ್ತಿದ್ದರು, ನೆಟ್ಟಗಿನ ಮರ ಕೊಯ್ದು ಬಾಗಿಸಿದರೆ ಸಾಲಿನಲ್ಲೇ ಮುರಿಯುತ್ತದೆ ಎನ್ನುತ್ತಿದ್ದರು ಎಂದು ಮಾವನೇ ನನಗೆ ಎಷ್ಟೋ ಸಲ ಹೇಳಿದ್ದ. ಅದನ್ನೇ ಅವನ ಮುಂದಿಟ್ಟೆ.

"ನಿಮ್ಮಪ್ಪ ಡೊಂಕನ್ನೇ ಹುಡ್ಕೊಂಡು ಓಗ್ತಿದ್ರು. ನೀನು ಅದೇ ಡೊಂಕು ಮನೆ ಬಾಗ್ಲಿಗೆ ಬಂದ್ರೆ ಬೇಡ ಅಂತೀಯ."

"ಅದು ನೆಲ ಉಳಕ್ಕೆ. ಕುಂತ್ಕಳಕಲ್ಲ."

"ಬೆನ್ನು ನೆಟ್ಟಗೈತಾ ಮಾವ? ಡೊಂಕಾಗೇ ತಾನೆ ಇರೋದು?"

ಅಡುಗೆಮನೆಯಿಂದ ಅತ್ತೆ ನಕ್ಕಳು. ಅವಳ ನಗು ಕೇಳಿದರೆ ಮಾವ ಅರ್ಧ ಸೋತಂತೆಯೇ. ಒಂದು ಬೀಡಿ ಸೇದಿ ಮುಗಿಸಿ, "ಡೊಂಕು ಒಪ್ಕತೀನಿ. ತೊಗಟೆ ಮಾತ್ರ ನನ್ನ ಕೈಲಿ ಬುಡಕ್ಕಾಗಕಿಲ್ಲ" ಎಂದ.

ಮರ ಸಿಕ್ಕಿದ್ದು ಹೊಣಕೆರೆಯ ಹತ್ತಿರ ಅತ್ತೆಯ ಅಣ್ಣನ ಹೊಲದಲ್ಲಿ. ಬದುವಿನ ಮೇಲಿದ್ದ ಹಳೆಯ ಜಾಲಿ ಗಾಳಿಗೆ ಮಗುಚಿಕೊಂಡಿತ್ತು. ಹೊಂಗೆ ಮೆತ್ತಗೆ, ನೀಲಗಿರಿ ಒಣಗುತ್ತ ಸೀಳುತ್ತದೆ, ಹುಣಸೆಗೆ ಯಾರೂ ಗರಗಸ ಹಾಕಲು ಒಪ್ಪುವುದಿಲ್ಲ. ಗಾಡಿಚಕ್ರದ ಮರವೆಂದರೆ ಜಾಲಿಯೇ ಎಂದು ಮಾವ ಟ್ರಾಕ್ಟರಿನಲ್ಲಿ ಕೂತು ದಾರಿಯುದ್ದಕ್ಕೂ ಭಾಷಣ ಮಾಡಿದ. ಮರ ನೋಡಿದ ಮೇಲೆ ಮುಖ ಸಣ್ಣದಾಯಿತು. ಮರ ಚೆನ್ನಾಗಿಯೇ ಇತ್ತು. ಬಿದ್ದ ದಿನ ಸರಿಯಿರಲಿಲ್ಲ. ಮರವನ್ನು ಅಮಾವಾಸ್ಯೆಯ ಹತ್ತಿರ ಕಡಿದರೆ ಹುಳ ಬೀಳುವುದಿಲ್ಲ, ಹುಣ್ಣಿಮೆಯ ಹತ್ತಿರ ಕಡಿದರೆ ಬೀಳುತ್ತದೆ ಎನ್ನುವುದು ನಮ್ಮ ಕಸುಬಿನವರ ಲೆಕ್ಕ. ಗಾಳಿ ಆ ಲೆಕ್ಕ ಕೇಳದೆ ಹುಣ್ಣಿಮೆಯ ಮಾರನೆಯ ದಿನವೇ ಬೀಸಿತ್ತು.

ಇಂಥ ಮಾತು ಕೇಳಿದರೆ ನನಗೆ ಹೊಟ್ಟೆ ತುಂಬ ಊಟ ಸಿಕ್ಕಿದಷ್ಟು ಸಂತೋಷ. ಪರೀಕ್ಷೆ ಮಾಡೋಣ ಎಂದೆ. ಅದೇ ಹೊಲದಲ್ಲಿ ನಿಂತಿದ್ದ ಇನ್ನೊಂದು ಜಾಲಿಯಿಂದ ಅಮಾವಾಸ್ಯೆಗೊಂದು, ಹುಣ್ಣಿಮೆಗೊಂದು ಕೊಂಬೆ ಕಡಿಸಿ, ಕರಿ ಬಣ್ಣ ಬಿಳಿ ಬಣ್ಣದ ಗುರುತು ಬಳಿದು, ತೊಗಟೆಯ ಸಮೇತ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದೆ. ಮಾವ ದಿನಾ ಬೆಳಿಗ್ಗೆ ಅಮಾವಾಸ್ಯೆಯ ಕೊಂಬೆಯನ್ನು ಮಾತ್ರ ಬಟ್ಟೆಯಿಂದ ಒರೆಸುತ್ತಿದ್ದನೆಂದು ಅತ್ತೆ ಆಮೇಲೆ ಹೇಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಎರಡೂ ಕೊಂಬೆಗಳ ಕೆಳಗೆ ನೆಲದ ಮೇಲೆ ಹಿಟ್ಟು ಬಿದ್ದಿತ್ತು, ನುಣ್ಣಗೆ, ಜರಡಿ ಹಿಡಿದ ಹಾಗೆ. ಉಳಿಯ ತುದಿಯಿಂದ ತೊಗಟೆ ಎಬ್ಬಿಸಿದೆ. ಕರಿ ಗುರುತಿನ ಕೊಂಬೆಯಲ್ಲೂ ತೂತು, ಬಿಳಿ ಗುರುತಿನದರಲ್ಲೂ ತೂತು.

"ನೋಡು ಮಾವ. ಚಂದ್ರನಿಗೂ ಹುಳಕ್ಕೂ ಸಂಬಂಧ ಇಲ್ಲ."

ಮಾವ ಬಗ್ಗಿ ಎರಡನ್ನೂ ಬಹಳ ಹೊತ್ತು ನೋಡಿದ. ಸೋತವನ ಮುಖ ಹೇಗಿರುತ್ತದೆಂದು ನೋಡಲು ನಾನು ಕಾದಿದ್ದೆ. ಎದ್ದು ನಿಂತಾಗ ಅವನು ನಗುತ್ತಿದ್ದ.

"ಸರಿ ಕಣವ್ವ ಲಾಯರಮ್ಮ. ಅಮಾಸೆ ಮಾತಲ್ಲಿ ನೀನು ಗೆದ್ದೆ. ಈಗ ಯೋಳು, ಹುಳ ಎಲ್ಲೈತೆ?"

"ತೊಗಟೆ ಕೆಳಗೆ."

"ಅಂಗಾರೆ ತೊಗಟೆ ಇಕ್ಕಬೇಕಾ ತೆಗೀಬೇಕಾ?"

ಸ್ಪರ್ಧೆಗಳಲ್ಲಿ ನಾನು ಎಷ್ಟೋ ಜನರನ್ನು ಅವರದೇ ಉದಾಹರಣೆಯಿಂದ ಕೆಡವಿದ್ದೇನೆ. ನನ್ನದೇ ಉದಾಹರಣೆ ನನ್ನ ಕಾಲ ಮೇಲೆ ಬಿದ್ದದ್ದು ಅದೇ ಮೊದಲು. ಆದರೂ ಬಾಯಿ ಸುಮ್ಮನಿರಲಿಲ್ಲ. ಔಷಧಿ ಹೊಡೆಯಬಹುದು ಎಂದೆ. ಕೂರುವ ಜಾಗಕ್ಕೆ ವಿಷ ಬಳಿಯಬೇಕಾ ಎಂದ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಬಹುದು ಎಂದೆ. ಒಣಗಿದರೆ ತೊಗಟೆ ತಾನಾಗಿಯೇ ಉದುರುತ್ತದೆ, ಉದುರಿದ್ದನ್ನು ಅಂಟು ಹಾಕಿ ಮೆತ್ತಲಾ ಎಂದ. ಕೊನೆಗೆ ನಾನು ಇದ್ದದ್ದನ್ನು ಹೇಳಿದೆ. ತೊಗಟೆ ಇಲ್ಲದಿದ್ದರೆ ಆ ಮನುಷ್ಯ ಬೆಂಚು ಬೇಡ ಅನ್ನುತ್ತಾರೆ. ಆಮೇಲೆ ದೀಪಾವಳಿ, ಆಮೇಲೆ ಮೈಸೂರು.

ಮಾವ ಎರಡೂ ಕೊಂಬೆಗಳನ್ನು ಎತ್ತಿ ಮತ್ತೆ ಮೂಲೆಗೆ ನಿಲ್ಲಿಸಿದ. ಕೊಡತಿ ಬಡಿಯಲಿಲ್ಲ.

ಮುಂದಿನ ಕೆಲವು ವಾರ ನನಗೆ ಪರೀಕ್ಷೆಗಳಿದ್ದವು. ಮತ್ತೆ ಪಾಂಡವಪುರದ ಬಸ್ಸು ಹತ್ತಿದ್ದು ಹಬ್ಬ ಹತ್ತಿರವಾದಾಗ. ಶೆಡ್ಡಿನ ಬಾಗಿಲು ತೆರೆದರೆ ಬೆಂಚು ನಿಂತಿತ್ತು. ಕೂರುವ ಜಾಗ ನುಣ್ಣಗೆ, ಕೆಂಪು ಹೊಳಪು. ಮುಂದಿನ ಅಂಚು ಮರ ಬಾಗಿದಂತೆಯೇ ಬಾಗಿತ್ತು. ಆ ಅಂಚಿಗೂ ನಾಲ್ಕು ಕಾಲುಗಳಿಗೂ ಜಾಲಿಯ ತೊಗಟೆ ಇತ್ತು, ಕಪ್ಪಗೆ, ಉದ್ದುದ್ದ ಬಿರುಕು ಬಿಟ್ಟದ್ದು, ಎಲ್ಲೋ ಒಂದು ಕಡೆ ಅಂಟು ಒಸರಿ ಗಟ್ಟಿಯಾದ ಗುಳ್ಳೆ. ಅಂತೂ ನನ್ನ ಮಾತು ನಡೆಯಿತು ಎಂದುಕೊಂಡೆ. ಇನ್ನು ಗೆದ್ದವರು ದೊಡ್ಡ ಮನಸ್ಸು ಮಾಡಿ ಸೋತವರನ್ನು ಹೊಗಳಬೇಕು ನೋಡಿ.

"ಚೆನ್ನಾಗಿ ಉಳಿಸ್ಕೊಂಡಿದೀಯ ಮಾವ ತೊಗಟೆ."

"ಊಂ. ಕುಂತ್ಕೊ."

ಕೂರಲು ಹೋದರೆ ಅಂಚಿನ ಮೇಲೆ ಒಂದು ಕಟ್ಟಿರುವೆ. ಊದಿದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಊದಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು. ಬೆರಳಿನಿಂದ ಇರುವೆಯನ್ನು ಮುಟ್ಟಿದೆ. ಅದು ಮರ. ಇರುವೆಯ ಕೆಳಗಿನ ತೊಗಟೆಯನ್ನು ಮುಟ್ಟಿದೆ. ಅದೂ ಮರವೇ.

ಅವನು ಮಾಡಿದ್ದು ಇಷ್ಟು. ತೊಗಟೆಯನ್ನೂ ಅದರ ಕೆಳಗಿನ ಹುಳ ಬೀಳುವ ಬಿಳಿ ಭಾಗವನ್ನೂ ಪೂರ್ತಿ ತೆಗೆದು, ಒಳಗಿನ ಕೆಂಪು ಗಟ್ಟಿಯನ್ನು ತಲುಪಿ, ಆ ಕಲ್ಲಿನಂಥ ಮರದ ಮೇಲೆ ಸಣ್ಣ ಉಳಿಯಿಂದ ಮತ್ತೆ ತೊಗಟೆಯನ್ನು ಕೆತ್ತಿದ್ದ. ಜಾಲಿಕಾಯಿ ಬೇಯಿಸಿದ ನೀರಿಗೆ ತುಕ್ಕು ಹಿಡಿದ ಮೊಳೆಗಳನ್ನು ನೆನೆಹಾಕಿ ಅದೇ ಕಪ್ಪು ಬಳಿದಿದ್ದ. ಬಾಗಿಲಿನ ಮೇಲೆ ಬಳ್ಳಿ, ಗಿಳಿ ಕೆತ್ತಿಸುವವರು ನಿಂತುಹೋಗಿ ಕಾಲವಾಗಿತ್ತು. ಆ ಬಾಕಿಯನ್ನೆಲ್ಲ ಈ ಬೆಂಚಿನ ಮೇಲೆ ತೀರಿಸಿಕೊಂಡಂತಿತ್ತು.

"ಇದು ಸುಳ್ಳು ಮಾವ," ಎಂದೆ.

"ಯಾವುದವ್ವ ಸುಳ್ಳು? ಮರ ಜಾಲಿ. ತೊಗಟೆ ಜಾಲೀದು."

"ಜಾಲೀದಲ್ಲ, ನಿಂದು. ಅವ್ರು ಕೇಳಿದ್ದು ಮರದ ಮೇಲೆ ತಾನಾಗಿ ಬೆಳೆದ ತೊಗಟೆ."

"ಅದಿದ್ರೆ ಹುಳ. ಅವ್ರಿಗೆ ಕಣ್ಣಿಗೆ ತೊಗಟೆ ಬೇಕು, ನನಗೆ ಮರಕ್ಕೆ ಹುಳ ಬ್ಯಾಡ. ಇಬ್ರೂ ಗೆದ್ದೋ. ನಿಂಗೇನ್ ಕಷ್ಟ?"

ನನಗೆ ಬಹಳ ಕಷ್ಟವಿತ್ತು. ಬೆಂಚು ನೋಡಲು ಬರುವವರಿಗೆ ಇದ್ದದ್ದನ್ನು ಹೇಳಲೇಬೇಕು, ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ. ಕೊಡತಿಯ ಸದ್ದು ಶುರುವಾಯಿತು. ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಅವರೆಕಾಯಿಯ ಮೊರ ಮುಂದಿಟ್ಟು, ತಾನೂ ಕೂತಳು.

"ಒಂದೇ ಒಂದ್ ದಿನ ಬಾಯಿಗೆ ಬೀಗ ಆಕ್ಕೊ ಕಣವ್ವ."

"ಅತ್ತೆ, ಇದು ಮೋಸ ಅಲ್ವಾ?"

"ಇರ್ಬೋದು. ನಾನು ನಿನ್ನಷ್ಟು ಓದಿಲ್ಲ. ಆದ್ರೆ ಇವ್ರು ಬೆಳಿಗ್ಗೆ ಬಸ್ಸತ್ತಿ ಮೈಸೂರಿಗೆ ಓಗಿ ಸಂಜೆ ಬಂದು ಮಲ್ಕೊಂಡ್ರೆ, ನಾನು ಯಾರ್ ಜೊತೇಲಿ ಜಗಳಾಡ್ಲಿ ಯೋಳು?"

ಅವರೆಕಾಯಿ ಬಿಡಿಸುತ್ತ ಮಾತು ಕೊಟ್ಟೆ.

ಆ ಭಾನುವಾರ ಕೆ.ಆರ್.ಎಸ್.ನಿಂದ ಅವರು ಬಂದರು. ಸ್ಕೂಟರನ್ನು ನೆರಳಿಗೆ ನಿಲ್ಲಿಸಿ, ನನ್ನನ್ನು ನೋಡಿ, "ಓ, ಎರಡನೇ ಬಹುಮಾನ" ಎಂದರು. ನಾನು ಕೈ ಮುಗಿದು ಸುಮ್ಮನಿದ್ದೆ. ಅದು ಅವರಿಗೆ ಅನುಮಾನ ಹುಟ್ಟಿಸಬೇಕಿತ್ತು. ಬೆಂಚು ಕಂಡ ಕೂಡಲೇ ನನ್ನನ್ನು ಮರೆತರು. ಸುತ್ತು ಹಾಕಿ ನೋಡಿದರು, ಕೂತರು, ಎದ್ದರು, ಮತ್ತೆ ಕೂತರು, ಅಂಚನ್ನು ಅಂಗೈಯಿಂದ ಸವರಿದರು.

"ಆಚಾರ್ರೇ, ತೊಗಟೆ ನಿಲ್ಲಲ್ಲ ಅಂತ ನೀವು ತಕರಾರು ಮಾಡಿದ್ರಂತೆ. ಎಷ್ಟು ಭದ್ರವಾಗಿ ಕೂತದೆ."

"ಉದುರಲ್ಲ ಸಾರ್. ಉದುರಿದ್ರೆ ನನ್ನ ಕೇಳಿ," ಎಂದ ಮಾವ.

ಒಂದೊಂದು ಪದವೂ ನಿಜ, ಒಟ್ಟಿನಲ್ಲಿ ಸುಳ್ಳು. ಇಂಥ ವಾಕ್ಯ ಕಟ್ಟುವುದನ್ನು ಇವನು ಯಾವ ಕಾಲೇಜಿನಲ್ಲಿ ಕಲಿತ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನನ್ನನ್ನೇ ನೋಡುತ್ತಿದ್ದಳು. ನಾನು ಚಾವಣಿಯ ಹೆಂಚುಗಳನ್ನು ನೋಡಿದೆ.

ಅವರ ಹೊಗಳಿಕೆ ಮುಂದುವರಿಯಿತು. ಬಿರುಕಿನ ಮೇಲೆ ಬೆರಳಿಟ್ಟು, "ಈ ಗೆರೆ ನೋಡಿ, ಎಂಗೆ ಓಡ್ತದೆ. ಮನುಷ್ಯರು ಏನೇ ಮಾಡ್ಲಿ, ದೇವ್ರ ಕೆಲ್ಸದ ಮುಂದೆ ನಿಲ್ಲಲ್ಲ ಕಣ್ರೀ" ಎಂದರು.

ಮಾವನ ಮೀಸೆ ಅಲ್ಲಾಡಿತು.

"ಈ ಗುಳ್ಳೆ ನೋಡಿ. ಅಂಟು ಬಂದು ನಿಂತಿರೋದು. ಇಂಥದ್ದನ್ನ ಯಾವ ಆಚಾರಿ ಮಾಡ್ತಾನೆ? ನೀವು ಒಳ್ಳೇ ಕೆಲ್ಸ ಮಾಡಿದ್ರಿ, ಕೈ ಹಚ್ಚದೆ ಹಾಗೇ ಬಿಟ್ರಲ್ಲ. ಅದೇ ದೊಡ್ಡತನ."

"ಕೈ ಹಚ್ಚದೆ ಎಲ್ಲಿ ಬಿಟ್ಟೆ ಸಾರ್?" ಎಂದ ಮಾವ.

ಅತ್ತೆ ಕಣ್ಣು ಮುಚ್ಚಿಕೊಂಡಳು.

"ಅಂದ್ರೆ?"

"ದೇವ್ರು ಮಾಡಿದ್ದಕ್ಕೆ ಹುಳ ಬಿದ್ದಿತ್ತು, ಕಿತ್ತಾಕ್ದೆ. ಇದು ನಾನು ಮಾಡಿದ್ದು."

ಅವರು ನಕ್ಕರು. "ಸುಮ್ನಿರಿ ಆಚಾರ್ರೇ, ತಮಾಷೆ."

"ತಮಾಸೆ ಅಲ್ಲ ಸಾರ್. ಅಲ್ಲಿ ಮೂಲೇಲಿ ಒಂದು ಇರುವೆ ಐತಲ್ಲ, ಅದ್ನ ವಸಿ ಓಡ್ಸಿ ನೋಡಿ."

ಅವರು ಊದಿದರು. ಬೆರಳಿಂದ ಚಿಮ್ಮಿದರು. ಕನ್ನಡಕ ಹಣೆಗೇರಿಸಿ ಬಗ್ಗಿದರು. ಆಮೇಲೆ ಬಹಳ ನಿಧಾನವಾಗಿ, ಹೊಸದಾಗಿ ನೋಡುವವರಂತೆ, ಅಂಚಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಉಗುರು ಎಳೆಯುತ್ತ ಹೋದರು. ಎಲ್ಲೂ ಏಳಲಿಲ್ಲ. ನಾನು ಮಾತು ಮುರಿದಿರಲಿಲ್ಲ, ಸತ್ಯವೂ ಹೊರಗೆ ಬಂದಿತ್ತು. ಇಷ್ಟು ಸುಖವಾದ ಮೌನವನ್ನು ನಾನು ಹಿಂದೆಂದೂ ಅನುಭವಿಸಿರಲಿಲ್ಲ. ಮೈಸೂರಿನ ಬಸ್ಸು ಮಾತ್ರ ಕಣ್ಣಮುಂದೆ ಬರುತ್ತಿತ್ತು.

"ನಾನು ಸರ್ವೀಸಲ್ಲಿದ್ದಾಗ," ಎಂದರು ಅವರು ಕೊನೆಗೆ, "ಒಂದು ಪಾರ್ಕಿಗೆ ಸಿಮೆಂಟಲ್ಲಿ ಮರದ ದಿಮ್ಮಿ ಥರ ಬೆಂಚು ಮಾಡ್ಸಿದ್ದೆ. ಬಂದೋರೆಲ್ಲ, ಏನ್ ಸಾರ್ ಸಿಮೆಂಟು, ಅಂತ್ಲೇ ಅಂದ್ರು. ಒಬ್ರೂ ಮೋಸ ಹೋಗ್ಲಿಲ್ಲ." ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿ, "ತೊಗಟೆ ಯಾಕ್ ಕಿತ್ರಿ? ನಾನು ಬೇಕು ಅಂದಿದ್ನಲ್ಲ" ಎಂದರು.

ಮಾವ ನನ್ನ ಕಡೆ ಕೈ ತೋರಿಸಿದ. "ಅವ್ಳನ್ನ ಕೇಳಿ. ಪರೀಕ್ಷೆ ಮಾಡಿದ್ದು ಅವ್ಳು."

ಹೀಗೆ ನಾನು ಎದುರು ಪಕ್ಷದ ಪರವಾಗಿ ಎದ್ದು ನಿಂತೆ. ಮೂಲೆಯಿಂದ ಕರಿ ಗುರುತಿನ ಕೊಂಬೆ, ಬಿಳಿ ಗುರುತಿನ ಕೊಂಬೆ ಎರಡನ್ನೂ ತಂದು ಅವರ ಕಾಲ ಬಳಿ ತಟ್ಟಿದೆ. ಹಿಟ್ಟು ಉದುರಿತು. ತೊಗಟೆ ಎಬ್ಬಿಸಿ ತೂತು ತೋರಿಸಿದೆ. ನಿಮ್ಮ ಮನೆಯ ತುಂಬ ಇಂಥ ಬೆಂಚು ಇಟ್ಟರೆ ಮುಂದಿನ ಮಳೆಗಾಲಕ್ಕೆ ಬಂದವರ ಬಟ್ಟೆಯ ಮೇಲೆಲ್ಲ ಇದೇ ಹಿಟ್ಟು, ಅಲ್ಲಿಂದ ಹುಳ ನಿಮ್ಮ ತೊಲೆಗೂ ಹತ್ತಬಹುದು, ಆಗ ನೀವು ನಮ್ಮ ಮಾವನನ್ನು ಬೈಯುತ್ತೀರಿ, ಅದರಲ್ಲಿ ನ್ಯಾಯವೂ ಇರುತ್ತದೆ ಎಂದೆ. ಬೇಸಿಗೆಯಿಂದ ತೊಗಟೆಯ ಪರವಾಗಿ ಆಡಿದ್ದಕ್ಕಿಂತ ಚೆನ್ನಾಗಿ ಆ ಹತ್ತು ನಿಮಿಷ ಅದರ ವಿರುದ್ಧ ಆಡಿದೆ. ಮಾವ ಎದುರಿಗೆ ಕೂತು, ತಾನೇ ಕಲಿಸಿದವನಂತೆ ತಲೆಯಾಡಿಸುತ್ತಿದ್ದ.

"ಅವತ್ತು ಇಂಗೆ ಮಾತಾಡಿದ್ರೆ ಮೊದಲ್ನೇ ಬಹುಮಾನ ಬರ್ತಿತ್ತು," ಎಂದರು ಅವರು.

"ಅವತ್ತೂ ಹೀಗೇ ಮಾತಾಡಿದ್ದೆ ಸಾರ್."

ಅತ್ತೆ ಆಗ ಕಾಫಿ ಕೊಟ್ಟಳು. ಅವರು ಬೆಂಚಿನ ಮೇಲೇ ಕೂತು ಕುಡಿದರು. ಲೋಟ ಕೆಳಗಿಟ್ಟು ತೀರ್ಪು ಹೇಳಿದರು. ಈ ಬೆಂಚು ಇದ್ದ ಹಾಗೇ ಬೇಕು, ಅದು ಜಗುಲಿಯ ಮೇಲೆ ಇರುತ್ತದೆ. ಮೇಜು, ಮಂಚ, ಉಳಿದ ಬೆಂಚುಗಳಿಗೆ ತೊಗಟೆಯೂ ಬೇಡ, ಕೆತ್ತನೆಯೂ ಬೇಡ. ಡೊಂಕು ಮಾತ್ರ ಡೊಂಕಾಗೇ ಇರಲಿ.

"ಅವಕ್ಕೂ ಕೆತ್ತುದ್ರೆ ಆಯ್ತಲ್ಲ ಸಾರ್," ಎಂದ ಮಾವ, ಆಸೆಯಿಂದ.

"ಬೇಡ ಆಚಾರ್ರೇ. ನೀವು ಎಲ್ಲಾದ್ಕೂ ಇರುವೆ ಬಿಟ್ರೆ ನನ್ನ ಗಿರಾಕಿ ಯಾರೂ ಕುಂತ್ಕಳಲ್ಲ."

ಅವರ ಸ್ಕೂಟರಿನ ಸದ್ದು ರಸ್ತೆ ತಿರುಗುವವರೆಗೂ ಅತ್ತೆ ಕಾದಳು. ಆಮೇಲೆ ಮೈಸೂರಿನ ನೆಂಟನ ನಂಬರನ್ನು ತಾನೇ ಒತ್ತಿ, ಫೋನನ್ನು ಮಾವನ ಕಿವಿಗೆ ಹಿಡಿದಳು. ಮಾವ ಗಂಟಲು ಸರಿಮಾಡಿಕೊಂಡು, "ಇಲ್ಲಪ್ಪ, ಬರಕ್ಕಾಗಕಿಲ್ಲ. ಕೆಲ್ಸ ಐತೆ" ಎಂದ. ಆ ಕಡೆಯಿಂದ ಏನು ಕೆಲಸ ಎಂದು ಕೇಳಿರಬೇಕು. "ಡೊಂಕು ಮಾಡೋ ಕೆಲ್ಸ," ಎಂದು ಇಟ್ಟುಬಿಟ್ಟ. ಫೋನು ಅವಳ ಕೈಗೆ ಬಂದ ಕೂಡಲೇ ಅತ್ತೆ, ದೇವರ ಹೆಸರು ಎತ್ತಿದ ಮಾತ್ರಕ್ಕೆ ಬಾಯಿ ಬಿಟ್ಟು ಬೆಂಚು ಕಳೆಯಲು ಹೊರಟಿದ್ದೆಯಲ್ಲ ಎಂದು ಜಗಳ ತೆಗೆದಳು. ಅದು ಊಟದವರೆಗೂ ನಡೆಯಿತು. ಇಬ್ಬರೂ ಬಹಳ ಖುಷಿಯಲ್ಲಿದ್ದರು.

ಮಂಚಗಳನ್ನು ಕೂರಿಸಲು ಮಾವ ಕೆ.ಆರ್.ಎಸ್.ಗೆ ಹೋದ ದಿನ ನಾನೂ ಜೊತೆಗಿದ್ದೆ. ಜಗುಲಿಯ ಮೇಲೆ ಜಾಲಿ ಬೆಂಚು. ಬಂದವರಿಗೆ ಅದರ ಗುಟ್ಟನ್ನು ಮೊದಲೇ ಹೇಳುವುದಿಲ್ಲ, ಹೊರಡುವಾಗ ಹೇಳುತ್ತೇವೆ ಎಂದು ಮನೆಯವರು ನಿಯಮ ಮಾಡಿಕೊಂಡಿದ್ದರು. ಯಾರೋ ಗಂಡ ಹೆಂಡತಿ ಅದರ ಮೇಲೆ ಕೂತು ಹಿನ್ನೀರು ನೋಡುತ್ತಿದ್ದರು. ಗಂಡನ ಕೈ ತಾನಾಗಿಯೇ ಅಂಚಿಗೆ ಹೋಗಿ, ಎಲ್ಲರೂ ಮಾಡುವ ಹಾಗೆ, ತೊಗಟೆಯನ್ನು ಉಗುರಿನಿಂದ ಕೀಳಲು ನೋಡುತ್ತಿತ್ತು. ಬರಲಿಲ್ಲ. ಬೇರೆ ಕಡೆ ನೋಡಿದ. ಅಲ್ಲೂ ಬರಲಿಲ್ಲ. ಇರುವೆಯನ್ನು ಕಂಡು ಊದಿದ. ಮಾವ ಕಂಬಕ್ಕೆ ಒರಗಿ ಟೀ ಕುಡಿಯುತ್ತ, ನೀರನ್ನೇ ನೋಡುತ್ತಿರುವವನಂತೆ ಕೂತಿದ್ದ.

"ಹೇಳ್ಬಿಡೋಣ ಮಾವ, ಪಾಪ," ಎಂದೆ ಮೆಲ್ಲಗೆ.

"ವಸಿ ತಡಿ. ಒಂದಿರುವೆ ಸಿಕ್ಕೈತೆ ಅವ್ನಿಗೆ. ಇನ್ನೊಂದು ಸಿಗ್ಲಿ."

"ಇನ್ನೊಂದು ಎಲ್ಲೈತೆ? ಇರೋದೇ ಒಂದು."

ಮಾವ ಟೀ ಲೋಟ ಬರಿದು ಮಾಡಿದ. "ಪರೀಕ್ಷೆ ಮಾಡೋಳು ನೀನಲ್ವಾ ಲಾಯರಮ್ಮ? ಹುಡುಕ್ಕೊ."

ಆ ಗಂಡ ಹೆಂಡತಿ ಎದ್ದು ಊಟಕ್ಕೆ ಹೋದ ಮೇಲೆ ನಾನು ಜಗುಲಿಯ ಮೇಲೆ ಮಂಡಿಯೂರಿ ಬೆಂಚಿನ ಕಾಲುಗಳನ್ನು ಒಂದೊಂದಾಗಿ ಊದುತ್ತ ಹೋದೆ. ಇನ್ನೊಂದು ಇರುವೆ ಇದೆ ಎನ್ನುವುದಕ್ಕೆ ಅವನ ಮಾತು ಬಿಟ್ಟರೆ ಬೇರೆ ಯಾವ ಆಧಾರವೂ ಇಲ್ಲ. ಆಮೇಲೂ ಎರಡು ಸಲ ಹೋಗಿ ಹುಡುಕಿ ಬಂದಿದ್ದೇನೆ.